ಪರದೇಶದಲ್ಲಿ ವಿದ್ಯಾರ್ಥಿಯ ಮೊದಲ ತಿಂಗಳು

ಪರದೇಶಕ್ಕೆ ಹೋಗಿ ವಿದ್ಯೆ ಕಲಿತು ಬರುವುದೆಂದರೆ ಅದು ರಾಜಾಶ್ರಯವುಳ್ಳವರಿಗೂ ಶ್ರೀಮಂತರ ಮಕ್ಕಳಿಗೂ ಮೀಸಲಾದ ಸಂಗತಿಯೆಂದು ನಮ್ಮ ಹಿರಿಯರು ಭಾವಿಸಿದ್ದುದರಲ್ಲಿ ಆಶ್ಚರ್ಯವಿಲ್ಲ. ತಾಳವಾಡಿ ಸೀಮೆಯಿಂದ ಹೊರಟು ದಿಂಬಂ ಘಟ್ಟದ ಇಪ್ಪತ್ತೇಳು ತಿರುವುಗಳನ್ನಿಳಿದು ಸತ್ಯಮಂಗಲವನ್ನು ಸೇರುವುದೇ, ಇಲ್ಲವೆ ಗಡಿ ದಾಟಿ ಚಾಮರಾಜನಗರ ಮೈಸೂರುಗಳಲ್ಲಿ ಬಿಡಾರ ಹೂಡಿ ಓದುವುದೇ, ನಮ್ಮಲ್ಲಿ ಬಹುಕಾಲ ದೊಡ್ಡ ಪ್ರಯಾಣವೆನಿಸಿತ್ತು. ಈಗ ಕಾಲ ಬದಲಾಗಿದೆ. ಕೊಯಮತ್ತೂರು, ಮೈಸೂರು, ಬೆಂಗಳೂರುಗಳ ಹಲವು ಕಾಲೇಜುಗಳು ಹೊರದೇಶದ ವಿಶ್ವವಿದ್ಯಾನಿಲಯಗಳೊಡನೆ ಒಪ್ಪಂದ ಮಾಡಿಕೊಂಡು ತಮ್ಮ ವಿದ್ಯಾರ್ಥಿಗಳನ್ನು ಆರು ತಿಂಗಳ ಅಥವಾ ಒಂದು ವರ್ಷದ ಅವಧಿಗೆ ಅಲ್ಲಿಗೆ ಕಳುಹಿಸುತ್ತಿವೆ. ಇಲ್ಲಿ ಕನ್ನಡದಲ್ಲಿ ಓದಿದ ಮಕ್ಕಳು ಆ ಕಾಲೇಜುಗಳಲ್ಲಿದ್ದಾರೆ. ಅವರಲ್ಲಿ ಅಂಕಗಳಿಂದ ಅರ್ಹರಾಗಿದ್ದೂ ಅರ್ಜಿ ಹಾಕುವ ಹೊತ್ತಿಗೆ ಹಿಂದೆಗೆಯುವವರನ್ನು ಕಂಡು ನನಗೆ ವ್ಯಥೆಯಾಗಿದೆ. ಇದಕ್ಕೆ ಹಣದ ಕೊರತೆಯೊಂದೇ ಕಾರಣವಲ್ಲ. ವಿಚಾರಿಸಿ ನೋಡಿದರೆ, ಅವರ ಅಂಜಿಕೆಯೆಲ್ಲ ಅಲ್ಲಿಗೆ ಕಾಲಿಟ್ಟ ಮೊದಲ ಕೆಲವು ವಾರಗಳನ್ನು ಕುರಿತದ್ದೇ ಆಗಿರುವುದು. ಆದುದರಿಂದ ಆ ಒಂದು ತಿಂಗಳಲ್ಲಿ ನಿಜವಾಗಿ ಏನು ನಡೆಯುವುದೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಮೊದಲು ‘ವಿದ್ಯಾರ್ಥಿ ವಿನಿಮಯ’ವೆಂದರೇನೆಂಬುದು ಸ್ಪಷ್ಟವಾಗಬೇಕು. ಪರದೇಶದಲ್ಲಿ ಪದವಿಯನ್ನೇ ಪಡೆಯಲು ಹೋಗುವುದು ಒಂದು ಬಗೆ. ವಿನಿಮಯವು ಬೇರೊಂದು ಬಗೆ. ಇದರಲ್ಲಿ ವಿದ್ಯಾರ್ಥಿಯು ತನ್ನ ಸ್ವಂತ ಕಾಲೇಜಿನ ವಿದ್ಯಾರ್ಥಿಯಾಗಿಯೇ ಉಳಿಯುತ್ತಾನೆ. ಶುಲ್ಕವನ್ನು ಸಾಮಾನ್ಯವಾಗಿ ಇಲ್ಲಿಯೇ ಕಟ್ಟುತ್ತಾನೆ. ಅಲ್ಲಿ ಓದಿದ ವಿಷಯಗಳ ಗಣನೆಯನ್ನು ಇಲ್ಲಿಯ ಪದವಿಗೆ ಸೇರಿಸಿಕೊಳ್ಳುತ್ತಾರೆ. ಈ ಗಣನೆಗೆ ‘ಕ್ರೆಡಿಟ್’ ಎಂದು ಹೆಸರು. ಯೂರೋಪಿನ ಲೆಕ್ಕದಲ್ಲಿ ಒಂದು ಪೂರ್ಣ ವರ್ಷದ ವ್ಯಾಸಂಗಕ್ಕೆ 60 ಕ್ರೆಡಿಟ್‌ಗಳು, ಅರ್ಧ ವರ್ಷಕ್ಕೆ 30. ಒಂದೊಂದು ಕ್ರೆಡಿಟ್ಟೂ ಸುಮಾರು 25ರಿಂದ 30 ಗಂಟೆಗಳ ದುಡಿಮೆಗೆ ಸಮ. ತರಗತಿಯಲ್ಲಿ ಕುಳಿತ ಹೊತ್ತಷ್ಟೇ ಅಲ್ಲ, ಗ್ರಂಥಾಲಯದಲ್ಲಿ ಓದಿದ ಹೊತ್ತೂ ಪ್ರಬಂಧ ಬರೆದ ಹೊತ್ತೂ ಈ ಲೆಕ್ಕದಲ್ಲಿ ಸೇರಿರುವುದೆಂಬುದನ್ನು ಮರೆಯಬಾರದು.

ಇಂತಹ ಏರ್ಪಾಡುಗಳು ಬಹುಮಟ್ಟಿಗೆ ಎರಡನೆಯ ಮಹಾಯುದ್ಧದ ತರುವಾಯ ಬೆಳೆದು ಬಂದವು. ಅಮೆರಿಕದ ಫುಲ್‌ಬ್ರೈಟ್ ಕಾನೂನು 1946ರದು. ಭಾರತವು 1950ರಲ್ಲಿ ಅದಕ್ಕೆ ಸಂಬಂಧಿಸಿದ ಒಪ್ಪಂದಕ್ಕೆ ಸಹಿ ಮಾಡಿತು. ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಯೋಜನೆ 1959ರಲ್ಲಿ ರೂಪುಗೊಂಡಿತು. ಯೂರೋಪಿನ ‘ಎರಾಸ್ಮಸ್’ ಯೋಜನೆ 1987ರಲ್ಲಿ ಹನ್ನೊಂದು ದೇಶಗಳ 3,244 ವಿದ್ಯಾರ್ಥಿಗಳಿಂದ ಆರಂಭವಾಗಿ ಈಗ ಆ ಖಂಡದ ಹೊರಗಿನವರಿಗೂ ಬಾಗಿಲು ತೆರೆದಿದೆ. ಊರಿಂದೂರಿಗೆ ಅಲೆದು ವಿದ್ಯೆ ಸಂಪಾದಿಸಿದ ಹದಿನಾರನೆಯ ಶತಮಾನದ ಡಚ್ ಪಂಡಿತ ಎರಾಸ್ಮಸ್‌ನನ್ನು ಅದರ ಹೆಸರು ನೆನಪಿಗೆ ತರುತ್ತದೆ.

ಪರದೇಶದಲ್ಲಿ ಹೊಸದಾಗಿ ಬಂದಿಳಿದ ವಿದ್ಯಾರ್ಥಿಯ ಪಾಡನ್ನು ತಿಳಿಯಲು ನಾವು ದೂರ ಹುಡುಕಬೇಕಾಗಿಲ್ಲ. ನಮ್ಮ ಜಿಲ್ಲಾ ಕೇಂದ್ರವಾದ ಈರೋಡಿನಲ್ಲಿಯೇ 1887ರ ಡಿಸೆಂಬರ್ 22ರಂದು ಜನಿಸಿದ ಗಣಿತಜ್ಞ ಶ್ರೀನಿವಾಸ ರಾಮಾನುಜನ್ನರ ಕಥೆ ನಮ್ಮ ಮುಂದಿದೆ. ಅವರ ಗಣಿತವನ್ನು ಅರಿಯುವುದು ನಮ್ಮಂಥವರಿಗೆ ಸಾಧ್ಯವಲ್ಲದಿದ್ದರೂ ಅವರು ಪಟ್ಟ ಚಳಿಯನ್ನು ನಾವು ಚೆನ್ನಾಗಿ ಅರಿಯಬಲ್ಲೆವು. ಮದರಾಸು ವಿಶ್ವವಿದ್ಯಾನಿಲಯವು ವರ್ಷಕ್ಕೆ 250 ಪೌಂಡುಗಳ ವಿದ್ಯಾರ್ಥಿವೇತನವನ್ನು ಕೊಟ್ಟಿತು. ಅದರಲ್ಲಿ ತಿಂಗಳಿಗೆ ಅರವತ್ತು ರೂಪಾಯಿ ಮನೆಗೆ ಸಲ್ಲುವಂತೆ ಅವರು ಏರ್ಪಾಡು ಮಾಡಿದರು. ಶಿಖೆಯನ್ನು ತೆಗೆಸಿ, ಕೋಟು ಷರಾಯಿಗಳನ್ನು ತೊಟ್ಟು, 1914ರ ಮಾರ್ಚ್ 17ರಂದು ಮದರಾಸಿನಲ್ಲಿ ‘ನೆವಾಸಾ’ ಎಂಬ ಹಡಗನ್ನೇರಿ ಏಪ್ರಿಲ್ 14ರಂದು ಲಂಡನ್ನನ್ನು ತಲುಪಿದರು. ಅವರನ್ನು ಎದುರುಗೊಂಡವರು ಕೇಂಬ್ರಿಜ್ಜಿನ ಯುವಕ ಗಣಿತಜ್ಞ ನೆವಿಲ್. ಮೊದಲ ಆರು ವಾರಗಳಷ್ಟು ಕಾಲ ರಾಮಾನುಜನ್ನರು ನೆವಿಲ್ ದಂಪತಿಗಳ ಮನೆಯಲ್ಲಿಯೇ ಇದ್ದು, ಅನಂತರ ಟ್ರಿನಿಟಿ ಕಾಲೇಜಿನ ಕೊಠಡಿಗೆ ಹೋದರು. ಪರಸ್ಥಳದಲ್ಲಿ ಹೊಸಬನಿಗೆ ದೊರೆಯಬಹುದಾದ ಆತಿಥ್ಯದಲ್ಲಿ ಇದಕ್ಕಿಂತ ಒಳ್ಳೆಯದುಂಟೆ?

ಆದರೂ ನಡೆದದ್ದನ್ನು ಕೇಳಿರಿ. ಮುಂದೆ ಸಂಖ್ಯಾಶಾಸ್ತ್ರದಲ್ಲಿ ಪ್ರಖ್ಯಾತರಾದ ಪ್ರಶಾಂತಚಂದ್ರ ಮಹಲನೋಬಿಸರು ಆಗ ಕೇಂಬ್ರಿಜ್ಜಿನಲ್ಲಿ ವಿದ್ಯಾರ್ಥಿಯಾಗಿದ್ದರು. ಅವರೊಮ್ಮೆ ರಾಮಾನುಜನ್ನರ ಕೊಠಡಿಗೆ ಹೋದಾಗ ಅವರು ಬೆಂಕಿಯ ಬಳಿ ಮುದುರಿ ಕುಳಿತಿದ್ದರಂತೆ. ರಾತ್ರಿ ಬೆಚ್ಚಗಿರುವುದೇ ಎಂದು ಕೇಳಲು, ಚಳಿ ತಾಳಲಾರದೆ ಮೇಲಂಗಿಯನ್ನು ತೊಟ್ಟುಕೊಂಡೇ ಶಾಲು ಹೊದ್ದು ಮಲಗುವುದಾಗಿ ತಿಳಿಸಿದರು. ಮಹಲನೋಬಿಸರು ಮಲಗುವ ಕೋಣೆಗೆ ಹೋಗಿ ನೋಡಿದರೆ ಮಂಚದ ಮೇಲೆ ಬೇಕಾದಷ್ಟು ಕಂಬಳಿಗಳಿದ್ದುವು! ಆ ದೇಶದ ಪದ್ಧತಿಯಂತೆ ಅವುಗಳ ಅಂಚುಗಳನ್ನು ಹಾಸಿಗೆಯ ಅಡಿಗೆ ಬಿಗಿಯಾಗಿ ಸಿಕ್ಕಿಸಿ, ಎಲ್ಲದರ ಮೇಲೆ ಒಂದು ಮೇಲ್ಹಾಸನ್ನು ಹೊದಿಸಲಾಗಿತ್ತು. ರಾಮಾನುಜನ್ನರು ಅದೆಲ್ಲವೂ ಹಾಸಿಗೆಯೇ ಎಂದೆಣಿಸಿ ಅದರ ಮೇಲೆ ಮಲಗುತ್ತಿದ್ದರು. ಕಂಬಳಿಯನ್ನು ಸರಿಸಿ ಅದರ ಒಳಗೆ ನುಸುಳಿಕೊಳ್ಳಬೇಕೆಂದು ಮಹಲನೋಬಿಸರು ತೋರಿಸಿಕೊಟ್ಟರು.

ಇದನ್ನು ಓದಿ ನಗುವವರು ನಗಲಿ. ನನಗೆ ಇದರಲ್ಲಿ ಇಡೀ ವಿಷಯದ ತಿರುಳೇ ಅಡಗಿದೆಯೆಂದು ತೋರುತ್ತದೆ. ಹಾರ್ಡಿಯಂತಹ ವಿದ್ವಾಂಸರನ್ನು ಬೆರಗುಗೊಳಿಸಿದ ಬುದ್ಧಿಗೆ ಕಂಬಳಿಯ ಗುಟ್ಟು ಹೊಳೆಯಲಿಲ್ಲ. ಹೊಳೆಯಬೇಕಾದ ಕಾರಣವೂ ಇರಲಿಲ್ಲ. ಅದು ಬುದ್ಧಿಯಿಂದ ತಿಳಿಯತಕ್ಕುದಲ್ಲ, ಯಾರಾದರೂ ಹೇಳಿಕೊಡತಕ್ಕುದು. ಆದರೆ ಅಲ್ಲಿಯವರಲ್ಲಿ ಯಾರೂ ಹೇಳಲಿಲ್ಲ, ಏಕೆಂದರೆ ಅದು ತಿಳಿಯದವರುಂಟೆಂದು ಅವರಿಗೆ ತೋಚುವಂತಿರಲಿಲ್ಲ. ಇವರು ಕೇಳಲಿಲ್ಲ, ಏಕೆಂದರೆ ಕೇಳತಕ್ಕದ್ದೊಂದು ಇದೆಯೆಂದೇ ಇವರಿಗೆ ಗೊತ್ತಿರಲಿಲ್ಲ. ಪರದೇಶದ ಮೊದಲ ತಿಂಗಳ ಕಷ್ಟಗಳಲ್ಲಿ ಮುಕ್ಕಾಲು ಪಾಲು ಈ ಜಾತಿಯವು. ಓದಿನ ಕೊರತೆಯಿಂದ ಬರತಕ್ಕವು ಸ್ವಲ್ಪವೇ.

ಹಿಂದಿನವರಿಗೆ ಒಂದು ಅನುಕೂಲವಿತ್ತು. ಅವರ ಮೊದಲ ತಿಂಗಳು ಸಮುದ್ರದ ಮೇಲೆಯೇ ಕಳೆದುಹೋಗುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಮೊದಲ ಮಹಿಳಾ ಎಂಜಿನಿಯರರೆಂದು ಹೆಸರಾದ ರಾಜೇಶ್ವರಿ ಚಟರ್ಜಿಯವರು ಕನ್ನಡನಾಡಿನ ಹೆಣ್ಣುಮಗಳು. ಅವರು 1947ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದಿಂದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಹೊರಟಾಗ, ಯುದ್ಧಕಾಲದಲ್ಲಿ ಸೈನಿಕರನ್ನು ಸಾಗಿಸಿದ್ದ ‘ಮೆರೈನ್ ಆಡರ್’ ಎಂಬ ಹಡಗಿನಲ್ಲಿ ಸುಮಾರು ಮೂವತ್ತು ದಿನಗಳನ್ನು ಕಳೆಯಬೇಕಾಯಿತು. ಅದಕ್ಕೂ ಮುಂಚೆ, 1936ರಲ್ಲಿ, ಆಕ್ಸ್‌ಫರ್ಡಿಗೆ ಹೋದ ವಿನಾಯಕ ಕೃಷ್ಣ ಗೋಕಾಕರಿಗೆ ಆ ಕಡಲ ಪ್ರಯಾಣವು ಹೊಸ ಕಾವ್ಯಕ್ಕೇ ಪ್ರೇರಣೆಯಾಯಿತು. ಅವರ ‘ಸಮುದ್ರಗೀತೆಗಳು’ ನಮ್ಮ ಸಾಹಿತ್ಯದಲ್ಲಿ ಒಂದು ತಿರುವು. ಪ್ರವಾಸದ ಅನುಭವಗಳನ್ನು ಅವರು ‘ಸಮುದ್ರದಾಚೆಯಿಂದ’ ಎಂಬ ಗದ್ಯಗ್ರಂಥದಲ್ಲಿಯೂ ಬರೆದಿರುವರು. ಹಡಗಿನಲ್ಲಿ ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಹವೆ ಬದಲಾಗುತ್ತಿತ್ತು, ಗಡಿಯಾರವೂ ಬದಲಾಗುತ್ತಿತ್ತು. ಚಮಚ ಮುಳ್ಳುಚಮಚಗಳ ಅಭ್ಯಾಸವಾಗುತ್ತಿತ್ತು. ಸಹಪ್ರಯಾಣಿಕರ ಇಂಗ್ಲಿಷು ಕಿವಿಗೆ ಬಿದ್ದು ಬಿದ್ದು ಪಳಗುತ್ತಿತ್ತು. ಈಗಿನ ವಿದ್ಯಾರ್ಥಿಯು ಸಂಜೆ ಅಮ್ಮನ ಕೈಯ ಊಟ ಉಂಡು ಹೊರಟರೆ ಮರುದಿನ ಮಧ್ಯಾಹ್ನ ಇನ್ನೊಂದು ಖಂಡದ ರೈಲು ನಿಲ್ದಾಣದಲ್ಲಿ ಎರಡು ಪೆಟ್ಟಿಗೆಗಳೊಡನೆ ನಿಂತಿರುತ್ತಾನೆ. ಸಮುದ್ರವು ಮಾಡುತ್ತಿದ್ದ ಕೆಲಸವನ್ನು ನೆಲದ ಮೇಲೆ ಅವನೇ ಮಾಡಿಕೊಳ್ಳಬೇಕು.

ಈ ಸ್ಥಿತಿಯನ್ನು ಪಂಡಿತರು ಶಾಸ್ತ್ರೀಯವಾಗಿಯೂ ವಿವೇಚಿಸಿದ್ದಾರೆ. ಅಮೆರಿಕಕ್ಕೆ ಫುಲ್‌ಬ್ರೈಟ್ ವೇತನದಿಂದ ಹೋಗಿ ಬಂದ ನಾರ್ವೆಯ ಇನ್ನೂರಕ್ಕೂ ಮಿಕ್ಕ ಜನರನ್ನು ವಿಚಾರಿಸಿದ ಲೂಸ್‌ಗಾರ್ಡ್ ಎಂಬುವರು 1955ರಲ್ಲಿ ಒಂದು ಸಿದ್ಧಾಂತವನ್ನು ಮುಂದಿಟ್ಟರು. ಮೊದಲು ಉಲ್ಲಾಸ, ನಡುವೆ ಕುಸಿತ, ಕಡೆಗೆ ಚೇತರಿಕೆ, ಹೀಗೆ ಮನಸ್ಸು ಕಣಿವೆಯೊಂದನ್ನು ಇಳಿದು ಹತ್ತುವುದೆಂದು ಅವರ ಮತ. ಕಾಲೆರ್ವೊ ಓಬರ್ಗ್ ಎಂಬ ಮಾನವಶಾಸ್ತ್ರಜ್ಞರು 1960ರ ತಮ್ಮ ಲೇಖನದಲ್ಲಿ ಮೊದಲ ವಾರಗಳನ್ನು ನವವಿವಾಹಿತರ ಸಂತೋಷಕ್ಕೆ ಹೋಲಿಸಿದರು. ಇದನ್ನೇ ಬಹುಕಾಲ ಎಲ್ಲರೂ ನಂಬಿದ್ದರು. ಆದರೆ ನ್ಯೂಜಿಲೆಂಡಿಗೆ ಓದಲು ಬಂದ ಜಪಾನಿನ ವಿದ್ಯಾರ್ಥಿಗಳನ್ನು ಬಂದಿಳಿದ ದಿನದಿಂದಲೇ ಹಿಡಿದು ಒಂದು ವರ್ಷದವರೆಗೆ ಮತ್ತೆ ಮತ್ತೆ ವಿಚಾರಿಸಿದ ಕೊಲೀನ್ ವಾರ್ಡ್ ಮತ್ತು ಅವರ ಸಂಗಡಿಗರು, ಅತಿ ಹೆಚ್ಚಿನ ಸಂಕಟವು ಆರಂಭದಲ್ಲಿಯೇ ಕಂಡುಬರುವುದೆಂದೂ ಆಮೇಲೆ ಅದು ಇಳಿಯುವುದೆಂದೂ 1998ರಲ್ಲಿ ಪ್ರಕಟಿಸಿದರು. ನಮ್ಮ ಮಕ್ಕಳ ವಿಷಯದಲ್ಲಿ ಎರಡನೆಯ ಮತವೇ ಸರಿಯೆಂದು ನನ್ನ ಅಭಿಪ್ರಾಯ. ತಂದೆತಾಯಿಗಳಿಗೆ ಇದು ತಿಳಿದಿರುವುದು ಅವಶ್ಯ. ಮೂರನೆಯ ದಿನ ದೂರವಾಣಿಯಲ್ಲಿ ಅಳುವ ಮಗಳ ದನಿ ಕೇಳಿದೊಡನೆ ‘ಬಂದುಬಿಡು’ ಎನ್ನುವುದಕ್ಕೆ ಮುನ್ನ, ಇದು ಇಳಿಯತಕ್ಕ ಜ್ವರವೆಂಬುದು ಅವರ ಮನಸ್ಸಿನಲ್ಲಿರಬೇಕು.

ಇನ್ನು ದಿನಚರಿಗೆ ಬರೋಣ. ಒಂದೊಂದು ದೇಶದಲ್ಲಿ ಒಂದೊಂದು ಕ್ರಮ; ಎಲ್ಲವನ್ನೂ ಹೇಳುತ್ತಾ ಹೋದರೆ ಲೇಖನವು ಗ್ರಂಥವಾದೀತು. ಉದಾಹರಣೆಗಾಗಿ ಜರ್ಮನಿಯನ್ನು ತೆಗೆದುಕೊಳ್ಳುತ್ತೇನೆ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಹೆಚ್ಚಿನವು ಬೋಧನಶುಲ್ಕವನ್ನು ಪಡೆಯುವುದಿಲ್ಲವಾದ ಕಾರಣ ಮಧ್ಯಮವರ್ಗದ ಭಾರತೀಯ ವಿದ್ಯಾರ್ಥಿಗಳು ಅಲ್ಲಿಗೆ ಹೋಗುವುದು ಹೆಚ್ಚಾಗಿದೆ. ಅದು ನಮ್ಮ ನಿಘಂಟುಕಾರ ಕಿಟೆಲ್ಲರ ನಾಡೂ ಹೌದು. ಶುಲ್ಕವಿಲ್ಲವೆಂದ ಮಾತ್ರಕ್ಕೆ ಖರ್ಚಿಲ್ಲವೆಂದಲ್ಲ. ವಿದ್ಯಾರ್ಥಿವೇತನವಿಲ್ಲದವರು ಒಂದು ವರ್ಷದ ಜೀವನಕ್ಕೆ ಬೇಕಾದ ಹಣವನ್ನು ಬ್ಯಾಂಕಿನಲ್ಲಿ ಮುಂಗಡವಾಗಿ ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಈ ಮೊತ್ತವನ್ನು 11,904 ಯೂರೋ ಎಂದು ನಿಗದಿಪಡಿಸಲಾಯಿತು. ವಿನಿಮಯಕ್ಕೆ ಹೋಗುವವರಿಗೆ ವೇತನವಿದ್ದರೆ ಈ ಭಾರ ಹಗುರವಾಗುವುದು.

ಚಳಿಗಾಲದ ಅರ್ಧವರ್ಷ ಅಲ್ಲಿ ಅಕ್ಟೋಬರ್ ಒಂದರಿಂದ ಲೆಕ್ಕ; ಪಾಠಗಳು ತಿಂಗಳ ಮಧ್ಯಭಾಗಕ್ಕೆ ಆರಂಭವಾಗುತ್ತವೆ. ಹಾಗಾದರೆ ಮೊದಲೆರಡು ವಾರ ವಿದ್ಯಾರ್ಥಿಗೆ ಬಿಡುವೆಂದು ತಿಳಿಯಬೇಡಿ. ಆ ವಾರಗಳೆಲ್ಲ ಕಾಗದಪತ್ರಗಳಿಗೆ ಮುಡಿಪು. ಕೊಠಡಿಗೆ ಹೋಗಿ ಸೇರಿದ ಎರಡು ವಾರಗಳೊಳಗೆ ಊರಿನ ಕಚೇರಿಯಲ್ಲಿ ತನ್ನ ವಿಳಾಸವನ್ನು ನೋಂದಾಯಿಸಬೇಕು. ನೋಂದಣಿಗೆ ಮನೆಯ ಯಜಮಾನನ ಪತ್ರ ಬೇಕು. ವಿಶ್ವವಿದ್ಯಾನಿಲಯದ ದಾಖಲಾತಿಗೆ ಆರೋಗ್ಯವಿಮೆ ಬೇಕು. ದೀರ್ಘಕಾಲ ನಿಲ್ಲುವವರು ವಿದೇಶಿಯರ ಕಚೇರಿಯಿಂದ ವಾಸದ ಪರವಾನಗಿಯನ್ನು ಪಡೆಯಬೇಕು. ಅದಕ್ಕೆ ಹಿಂದೆ ಹೇಳಿದ ಎಲ್ಲ ಪತ್ರಗಳೂ ಬೇಕು. ಒಂದಕ್ಕೊಂದು ಕೊಂಡಿ ಹಾಕಿದ ಸರಪಣಿಯಂತಿರುವ ಇದರಲ್ಲಿ ಮೊದಲ ಕೊಂಡಿಯೇ ತಪ್ಪಿದರೆ ಮುಂದಿನದೆಲ್ಲ ತಡೆಯುವುದು. ತಾಲ್ಲೂಕು ಕಚೇರಿಯ ವರಾಂಡದಲ್ಲಿ ಆದಾಯ ಮತ್ತು ಜಾತಿಯ ಪ್ರಮಾಣಪತ್ರಗಳಿಗಾಗಿ ದಿನಗಟ್ಟಲೆ ಕಾದು ಅಭ್ಯಾಸವಾದ ನಮ್ಮ ಮಕ್ಕಳಿಗೆ ಇದೇನೂ ಹೊಸತಲ್ಲವಷ್ಟೆ! ಈ ಒಂದು ವಿದ್ಯೆಯಲ್ಲಿ ಅವರು ಪಟ್ಟಣದ ಮಕ್ಕಳಿಗಿಂತ ಮುಂದಿದ್ದಾರೆ.

ಕಚೇರಿಯ ಕಟ್ಟಳೆಗಳು ಬರೆದಿಟ್ಟವು; ಓದಿ ತಿಳಿಯಬಹುದು. ಬರೆದಿಡದ ಕಟ್ಟಳೆಗಳೇ ತೊಡಕಿನವು. ಭಾನುವಾರ ಅಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ಸಂಜೆ ಬಂದಿಳಿದ ಹೊಸಬನು ನಾಳೆ ಕೊಳ್ಳೋಣವೆಂದು ಮಲಗಿದರೆ ಮರುದಿನವೆಲ್ಲ ಚೀಲದಲ್ಲಿರುವ ಚಕ್ಕುಲಿ ಕೋಡುಬಳೆಗಳೇ ಗತಿ. ಕಸವನ್ನು ಕಾಗದ, ಹೊದಿಕೆಯ ಪ್ಲಾಸ್ಟಿಕ್, ಅಡಿಗೆಮನೆಯ ಕಸ, ಉಳಿದದ್ದು ಎಂದು ಬೇರೆ ಬೇರೆ ಡಬ್ಬಿಗಳಿಗೆ ಹಾಕಬೇಕು; ಗಾಜನ್ನು ಬಣ್ಣದ ಪ್ರಕಾರ ವಿಂಗಡಿಸಬೇಕು. ಕುಡಿಯುವ ನೀರಿನ ಬಾಟಲಿಗೆ ಕೊಟ್ಟ ಹಣದಲ್ಲಿ 25 ಸೆಂಟು ಬಾಟಲಿಯ ಠೇವಣಿಯಾಗಿದ್ದು, ಬರಿಯ ಬಾಟಲಿಯನ್ನು ಅಂಗಡಿಗೆ ಮರಳಿಸಿದರೆ ಅದು ಹಿಂದಕ್ಕೆ ಬರುತ್ತದೆ. ನಲ್ಲಿಯ ನೀರನ್ನೇ ನಿರ್ಭಯವಾಗಿ ಕುಡಿಯಬಹುದಾದುದರಿಂದ ಬಾಟಲಿಯನ್ನು ಕೊಳ್ಳುವ ಅಗತ್ಯವೂ ಇಲ್ಲ. ರಾತ್ರಿ ಹತ್ತರ ಮೇಲೆ ಗದ್ದಲ ಕೂಡದು. ಇವೆಲ್ಲ ರಾಮಾನುಜನ್ನರ ಕಂಬಳಿಯ ಮಕ್ಕಳು ಮರಿಗಳು.

ಗಡಿಯಾರದ ಒಂದು ಚೋದ್ಯವನ್ನೂ ಹೇಳಬೇಕು. ಬೇಸಿಗೆಯ ಗಣನೆಯಲ್ಲಿ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದೆ. ದೇಹವು ಈ ವ್ಯತ್ಯಾಸಕ್ಕೆ ಸುಮಾರು ಗಂಟೆಗೊಂದು ದಿನದಂತೆ ಹೊಂದಿಕೊಳ್ಳುವುದರಿಂದ, ಮೊದಲ ಮೂರು ನಾಲ್ಕು ದಿನ ನಡುರಾತ್ರಿ ಕಳೆದೊಡನೆ ಎಚ್ಚರವಾಗುವುದು ಸಹಜ. ಇದು ರೋಗವಲ್ಲ. ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ನಸುಕಿನಲ್ಲಿ ಆ ದೇಶದವರೆಲ್ಲ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಇಡುತ್ತಾರೆ. ಅಂದಿನಿಂದ ಅಂತರ ನಾಲ್ಕೂವರೆ ಗಂಟೆ. ಮನೆಯವರು ಕಾಯುವ ಹೊತ್ತಿಗೆ ಸರಿಯಾಗಿ ಮಗನ ಕರೆ ಬರಲಿಲ್ಲವೆಂದು ಗಾಬರಿಪಡುವುದಕ್ಕೆ ಮೊದಲು ಇದನ್ನು ನೆನೆಯಬೇಕು. ಅದೇ ವಾರದಿಂದ ಬರ್ಲಿನ್ನಿನಲ್ಲಿ ಸಂಜೆ ಐದಕ್ಕೆ ಮೊದಲೇ ಹೊತ್ತು ಮುಳುಗುತ್ತದೆ. ಡಿಸೆಂಬರಿನಲ್ಲಿ ನಾಲ್ಕಕ್ಕೂ ಮುಂಚೆಯೇ. ವರ್ಷವಿಡೀ ಬಿಸಿಲುಂಡ ಕಣ್ಣುಗಳಿಗೆ ಚಳಿಗಿಂತ ಈ ಕತ್ತಲೆಯೇ ಹೆಚ್ಚು ಭಾರ. ಕೊಠಡಿಯ ಬಾಗಿಲು ಮುಚ್ಚಿ ಕುಳಿತವನಿಗೆ ಅದು ಇಮ್ಮಡಿಯಾಗುತ್ತದೆ. ಆದ್ದರಿಂದ ಹಗಲಿರುವಾಗ ಒಂದು ಗಂಟೆಯಾದರೂ ಹೊರಗೆ ನಡೆದಾಡುವುದನ್ನು ಔಷಧದಂತೆ ಪಾಲಿಸತಕ್ಕದ್ದು.

ಪಾಠದ ಕ್ರಮದಲ್ಲಿಯೂ ಹೊಸಬನು ತಡವರಿಸುವ ಸ್ಥಳಗಳುಂಟು. ಅಲ್ಲಿ ಹಲವೆಡೆ ಹತ್ತು ಗಂಟೆಯ ಪಾಠವೆಂದರೆ ಹತ್ತೂಕಾಲಕ್ಕೆ ಆರಂಭ. ಇದಕ್ಕೆ ‘ವಿದ್ಯಾಪೀಠದ ಕಾಲುಗಂಟೆ’ ಎಂಬ ಹಳೆಯ ರೂಢಿಯೇ ಆಧಾರ. ಉಪನ್ಯಾಸ ಮುಗಿದಾಗ ಚಪ್ಪಾಳೆಗೆ ಬದಲಾಗಿ ಮೇಜನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾರೆ. ಇವು ಚಿಕ್ಕವು. ದೊಡ್ಡದು ಇನ್ನೊಂದಿದೆ. ಅಧ್ಯಾಪಕರು ಒಂದು ಪ್ರಬಂಧವನ್ನು ಓದಿಕೊಂಡು ಬರಹೇಳಿ, ಮರುವಾರ ‘ನಿಮ್ಮ ಅಭಿಪ್ರಾಯವೇನು?’ ಎಂದು ವಿದ್ಯಾರ್ಥಿಗಳನ್ನು ಕೇಳುತ್ತಾರೆ. ಸುಮ್ಮನಿರುವವನನ್ನು ಅಲ್ಲಿ ವಿನಯಶಾಲಿಯೆಂದು ಎಣಿಸುವುದಿಲ್ಲ, ಓದದೆ ಬಂದವನೆಂದು ಎಣಿಸುತ್ತಾರೆ. ಗುರುಗಳ ಮುಂದೆ ತಲೆತಗ್ಗಿಸಿ ನಿಲ್ಲುವುದೇ ಮರ್ಯಾದೆಯೆಂದು ನಾವು ಕಲಿಸಿರುವ ಮಕ್ಕಳಿಗೆ ಇದು ಕಠಿಣ ಪರೀಕ್ಷೆ. ಮರ್ಯಾದೆಯನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಆದರೆ ತರಗತಿಯಲ್ಲಿ ವಾರಕ್ಕೊಂದು ಪ್ರಶ್ನೆಯನ್ನಾದರೂ ಎದ್ದು ನಿಂತು ಕೇಳುವ ರೂಢಿಯನ್ನು ಐದನೆಯ ತರಗತಿಯಿಂದಲೇ ಹಾಕಬೇಕು. ಇದಕ್ಕೆ ಕಾಸಿನ ಖರ್ಚೂ ಇಲ್ಲ.

ಬರವಣಿಗೆಯ ವಿಷಯವಾಗಿ ಒಂದು ಎಚ್ಚರಿಕೆ. ನಮ್ಮಲ್ಲಿ ಪಠ್ಯಪುಸ್ತಕದ ವಾಕ್ಯವನ್ನು ಅಕ್ಷರ ತಪ್ಪದೆ ಬರೆದವನಿಗೆ ಹೆಚ್ಚು ಅಂಕ. ಅಲ್ಲಿ ಪುಸ್ತಕದ ವಾಕ್ಯವನ್ನು ಯಾರದೆಂದು ಹೇಳದೆ ಬರೆದರೆ ಅದು ಕೃತಿಚೌರ್ಯ. ವಿಷಯದಲ್ಲಿ ಸೊನ್ನೆ ಬರಬಹುದು, ಶಿಸ್ತಿನ ಕ್ರಮಕ್ಕೂ ಗುರಿಯಾಗಬಹುದು. ಒಳ್ಳೆಯ ಹುಡುಗರೇ ಈ ಬಲೆಗೆ ಬೀಳುವವರು, ಏಕೆಂದರೆ ಬಾಯಿಪಾಠದಲ್ಲಿ ಅವರೇ ಗಟ್ಟಿಗರು.

ಇನ್ನು ಭಾಷೆ. ‘ಕನ್ನಡ ಮಾಧ್ಯಮದಲ್ಲಿ ಓದಿದವರು ಅಲ್ಲಿ ಹೇಗೆ ನಿಂತಾರು?’ ಎಂಬ ಪ್ರಶ್ನೆಯನ್ನು ಕೇಳಿ ಕೇಳಿ ನನ್ನ ಕಿವಿ ದಡ್ಡುಗಟ್ಟಿದೆ. ಹೇಗೆ ನಿಂತರೆಂಬುದಕ್ಕೆ ಚರಿತ್ರೆಯೇ ಸಾಕ್ಷಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ, ಬಸ್ಸಿಗೆ ಹಣವಿಲ್ಲದೆ 1935ರಲ್ಲಿ ಕಾಲ್ನಡಿಗೆಯಿಂದಲೇ ಬೆಂಗಳೂರು ಸೇರಿ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದ ಎಚ್. ನರಸಿಂಹಯ್ಯನವರು, ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದಿಂದ 1960ರಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ತೀರ್ಥಹಳ್ಳಿ ಸೀಮೆಯ ಅಗ್ರಹಾರದಲ್ಲಿ ಬೆಳೆದ ಯು. ಆರ್. ಅನಂತಮೂರ್ತಿಯವರು 1963ರಲ್ಲಿ ಕಾಮನ್‌ವೆಲ್ತ್ ವೇತನದಿಂದ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಹೋಗಿ ಇಂಗ್ಲಿಷ್ ಸಾಹಿತ್ಯವನ್ನೇ ಕುರಿತು ಸಂಶೋಧನೆ ಮಾಡಿ 1966ರಲ್ಲಿ ಡಾಕ್ಟರೇಟ್ ಗಳಿಸಿದರು. ಅಲ್ಲಿ ಒಂದು ಸಂಜೆ ಅವರು ತಮ್ಮ ಗುರು ಮಾಲ್ಕಂ ಬ್ರಾಡ್‌ಬರಿಯವರೊಡನೆ ಬರ್ಗ್‌ಮನ್ನರ ‘ಏಳನೆಯ ಮುದ್ರೆ’ ಎಂಬ ಸ್ವೀಡಿಷ್ ಚಲಚ್ಚಿತ್ರವನ್ನು ನೋಡಿದರಂತೆ. ತೆರೆಯ ಮೇಲೆ ಇಂಗ್ಲಿಷ್ ಅಡಿಬರಹವೂ ಇರಲಿಲ್ಲ. ಅರ್ಧ ತಿಳಿದೂ ಅರ್ಧ ತಿಳಿಯದೆಯೂ ನೋಡಿದ ಆ ಚಿತ್ರವೇ ಊರಿನ ನೆನಪುಗಳನ್ನು ಕೆದಕಿ, ‘ಸಂಸ್ಕಾರ’ ಕಾದಂಬರಿಗೆ ಪ್ರೇರಣೆಯಾಯಿತೆಂದು ಅವರು ಹೇಳಿಕೊಂಡಿದ್ದಾರೆ. ಮಾತು ಪೂರ್ತಿ ತಿಳಿಯದ ಸ್ಥಿತಿಯು ಯಾವಾಗಲೂ ನಷ್ಟವೇ ಆಗಬೇಕಾಗಿಲ್ಲ. ಆ ಕಾದಂಬರಿಯನ್ನು ಮುಂದೆ ಇಂಗ್ಲಿಷಿಗೆ ತಿರುಗಿಸಿದವರು ಎ. ಕೆ. ರಾಮಾನುಜನ್ನರು. ಅವರೂ ಫುಲ್‌ಬ್ರೈಟ್ ವೇತನದಿಂದ 1959ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ ಹೋದವರು. ಮೈಸೂರಿನ ಅವರ ಬಾಲ್ಯದಲ್ಲಿ ಮನೆಯ ಕೆಳಗೆ ತಾಯಿಯೊಡನೆ ತಮಿಳು, ಮಹಡಿಯ ಮೇಲೆ ತಂದೆಯೊಡನೆ ಇಂಗ್ಲಿಷು, ಬೀದಿಯಲ್ಲಿ ಕನ್ನಡ ಎಂಬಂತಿತ್ತು.

ನಮ್ಮ ತಾಳವಾಡಿಯ ಮಗುವಿನ ಸ್ಥಿತಿಯೂ ಅದಕ್ಕೆ ಹತ್ತಿರವಾದುದೇ. ಮನೆಯಲ್ಲಿಯೂ ಶಾಲೆಯಲ್ಲಿಯೂ ಕನ್ನಡ. ಬಸ್ಸಿನ ಫಲಕದಲ್ಲಿ, ಕಚೇರಿಯ ಅರ್ಜಿಯಲ್ಲಿ ತಮಿಳು. ಮುಂದೆ ಕಾಲೇಜಿನಲ್ಲಿ ಇಂಗ್ಲಿಷು. ಅರ್ಧಂಬರ್ಧ ತಿಳಿದ ಭಾಷೆಯಲ್ಲಿ ಕೆಲಸ ಸಾಧಿಸಿಕೊಂಡು ಬರುವ ಧೈರ್ಯ ಅದಕ್ಕೆ ಹತ್ತು ವರ್ಷಕ್ಕೇ ಬಂದಿರುತ್ತದೆ. ಕೊರತೆಯೇನಿದ್ದರೂ ಕಿವಿಯದು. ನಮ್ಮ ಮಕ್ಕಳು ಇಂಗ್ಲಿಷನ್ನು ಕಣ್ಣಿನಿಂದ ಕಲಿತವರು, ಕಿವಿಯಿಂದಲ್ಲ. ಪುಸ್ತಕದಲ್ಲಿ ಕಂಡರೆ ತಿಳಿಯುವ ಪದವೇ ಆಡಿದಾಗ ತಿಳಿಯುವುದಿಲ್ಲ. ಮೊದಲ ಎರಡು ಮೂರು ವಾರ ಉಪನ್ಯಾಸದ ಅರ್ಧ ಭಾಗವು ಗಾಳಿಗೆ ಹೋದರೂ ಧೈರ್ಯಗುಂದಬಾರದು; ಆ ದಿನದ ಪಾಠವನ್ನು ಮುಂಚಿತವಾಗಿ ಓದಿಕೊಂಡು ಹೋದರೆ ಕಿವಿಗೆ ಕಣ್ಣು ನೆರವಾಗುವುದು. ‘ದಯವಿಟ್ಟು ಇನ್ನೊಮ್ಮೆ ಹೇಳಿ’ ಎಂಬ ಮಾತನ್ನು ಇಂಗ್ಲಿಷಿನಲ್ಲಿಯೂ ಆ ನಾಡಿನ ಭಾಷೆಯಲ್ಲಿಯೂ ಕಲಿತು ಹೋಗಬೇಕು. ಕಿಟೆಲ್ಲರು 1853ರಲ್ಲಿ ಮಂಗಳೂರಿಗೆ ಬಂದಾಗ ಅವರಿಗೆ ಕನ್ನಡವು ಹೀಗೆಯೇ ಹೊಸದಾಗಿತ್ತು. ಜನರನ್ನು ಕೇಳಿ, ಗ್ರಂಥಗಳನ್ನು ಶೋಧಿಸಿ ಅವರು ಕೂಡಿಸಿದ ನಿಘಂಟು ಅಚ್ಚಾದದ್ದು 1894ರಲ್ಲಿ.

ಊಟದ ಚಿಂತೆ ತಾಯಂದಿರದು. ಮಗನ ಅರ್ಜಿಗೆ ಸಹಿ ಹಾಕಲು ಬಂದ ತಾಯಿಯೊಬ್ಬರು ವಿಮಾನದ ವಿಷಯವನ್ನಾಗಲಿ ಹಣದ ವಿಷಯವನ್ನಾಗಲಿ ಕೇಳಲಿಲ್ಲ. ‘ನಮ್ಮೈದ ಅಲ್ಲೇನ ಉಂಡಾನು ಸಾ?’ ಎಂದಷ್ಟೇ ಕೇಳಿದರು. ಪ್ರಶ್ನೆ ಚಿಕ್ಕದಲ್ಲ. ಈರೋಡಿನ ರಾಮಾನುಜನ್ನರು ಶುದ್ಧ ಶಾಕಾಹಾರಿಗಳಾಗಿದ್ದು ಕಾಲೇಜಿನ ಭೋಜನಶಾಲೆಗೆ ಹೋಗದೆ ತಮ್ಮ ಕೊಠಡಿಯಲ್ಲಿಯೇ ಅಡಿಗೆ ಮಾಡಿಕೊಳ್ಳುತ್ತಿದ್ದರು. ಹುಣಿಸೆಹಣ್ಣು ಮೊದಲಾದವು ಊರಿನಿಂದಲೇ ಹೋಗಬೇಕಾಗಿತ್ತು. ಅವರು ಹೋಗಿ ನಾಲ್ಕು ತಿಂಗಳಾಗುವಷ್ಟರಲ್ಲಿ ಮಹಾಯುದ್ಧ ಹತ್ತಿ ಪದಾರ್ಥಗಳು ದುರ್ಲಭವಾದುವು. ಹೊತ್ತುಗೊತ್ತಿಲ್ಲದ ಊಟವೂ ಒಂಟಿತನವೂ ಅವರ ಆರೋಗ್ಯವನ್ನು ಕೆಡಿಸುವುದರಲ್ಲಿ ಪಾಲುಗೊಂಡವೆಂದು ಬಲ್ಲವರ ಮತ. 1917ರಲ್ಲಿ ಕಾಯಿಲೆ ಬಿದ್ದ ಅವರು 1919ರಲ್ಲಿ ಮರಳಿ ಬಂದು, ಮರುವರ್ಷ ಮೂವತ್ತೆರಡನೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ಆದುದರಿಂದ ಅನ್ನ ಸಾರು ಮಾಡಿಕೊಳ್ಳಲು ಬಾರದ ಮಕ್ಕಳನ್ನು, ಗಂಡಾಗಲಿ ಹೆಣ್ಣಾಗಲಿ, ಪರದೇಶಕ್ಕೆ ಕಳುಹಿಸಬಾರದೆಂದು ನಾನು ನಿಷ್ಠುರವಾಗಿಯೇ ಹೇಳುತ್ತೇನೆ. ಈಗಿನ ದಿನಗಳಲ್ಲಿ ಅಕ್ಕಿ ಬೇಳೆಗಳು ದೊಡ್ಡ ಊರುಗಳ ಏಷ್ಯಾದ ಅಂಗಡಿಗಳಲ್ಲಿ ಸಿಗುತ್ತವೆ. ಜರ್ಮನಿಯ ವಿಶ್ವವಿದ್ಯಾನಿಲಯಗಳಲ್ಲಿ ‘ಮೆನ್ಸಾ’ ಎಂಬ ವಿದ್ಯಾರ್ಥಿಗಳ ಊಟದ ಮನೆಗಳಿದ್ದು ಅಲ್ಲಿ ಶಾಕಾಹಾರವೂ ದೊರೆಯುವುದು. ರಾಗಿಹಿಟ್ಟನ್ನು ಮಾತ್ರ ಇಲ್ಲಿಂದ ಒಯ್ಯುವುದು ಲೇಸು. ಆದರೆ ತುಪ್ಪ, ಹಾಲಿನ ಪುಡಿ, ಮಾಂಸದ ಪದಾರ್ಥಗಳನ್ನು ಪೆಟ್ಟಿಗೆಯಲ್ಲಿ ಕಟ್ಟಬೇಡಿ. ಯೂರೋಪಿನ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಅವುಗಳನ್ನು ತರುವಂತಿಲ್ಲ. ಹಸಿ ಸೊಪ್ಪು ತರಕಾರಿಗಳಿಗೆ ಸಸ್ಯಾರೋಗ್ಯದ ಪ್ರಮಾಣಪತ್ರ ಬೇಕು. ಅಕ್ಕರೆಯಿಂದ ಕಟ್ಟಿಕೊಟ್ಟ ಕರಿಬೇವಿನ ಸೊಪ್ಪು ವಿಮಾನನಿಲ್ದಾಣದ ಕಸದ ಬುಟ್ಟಿಗೆ ಬೀಳುವುದನ್ನು ನೋಡುವುದೇ ಆ ದೇಶದಲ್ಲಿ ಮೊದಲ ಅನುಭವವಾಗಬಾರದು.

ಒಂಟಿತನದ ಬಗ್ಗೆ ಬಹಳ ಹೇಳಲಾರೆ. ದಿನಕ್ಕೆ ಮೂರು ಸಲ ಮನೆಗೆ ಮಾತನಾಡುವ ಅನುಕೂಲ ಈಗಿದೆ. ಅದು ಔಷಧವೂ ಹೌದು, ಚಟವೂ ಹೌದು. ಸಂಜೆಯೆಲ್ಲ ಊರಿನ ಮಾತಿನಲ್ಲಿಯೇ ಕಳೆಯುವವನಿಗೆ ಪಕ್ಕದ ಕೊಠಡಿಯವನ ಹೆಸರೇ ತಿಳಿಯದು. ನಿಗದಿಯಾದ ಒಂದು ಹೊತ್ತಿನಲ್ಲಿ ಒಂದು ಸಲ ಮಾತನಾಡುವುದು ಸಾಕು. ಹಲವು ವಿಶ್ವವಿದ್ಯಾನಿಲಯಗಳಲ್ಲಿ ಹೊಸಬರಿಗೆ ಜತೆಗಾರನಾಗಿ ಒಬ್ಬ ಸ್ಥಳೀಯ ವಿದ್ಯಾರ್ಥಿಯನ್ನು ಗೊತ್ತುಮಾಡುತ್ತಾರೆ. ಮನಸ್ಸು ಕುಗ್ಗಿದವರ ಮಾತು ಕೇಳಿ ಸಲಹೆ ಕೊಡಲು ಗುಟ್ಟು ಕಾಪಾಡುವ ಸಲಹೆಗಾರರೂ ಇರುತ್ತಾರೆ. ಇಂತಹ ಸಹಾಯವನ್ನು ಕೇಳುವುದು ಹೀನಾಯವೆಂದು ಭಾವಿಸಬಾರದು. ಕೇಳಿದ್ದರೆ ರಾಮಾನುಜನ್ನರು ಎಷ್ಟೋ ರಾತ್ರಿ ಬೆಚ್ಚಗೆ ಮಲಗಬಹುದಾಗಿತ್ತು.

ಹೊರಡುವುದಕ್ಕೆ ಮುಂಚಿನ ಒಂದು ಮಾತು ಉಳಿದಿದೆ. ನಮ್ಮ ಹೆಸರುಗಳದೇ ಒಂದು ತೊಡಕು. ನಮ್ಮಲ್ಲಿ ತಂದೆಯ ಹೆಸರಿನ ಮೊದಲ ಅಕ್ಷರವನ್ನು ಮುಂದಿಟ್ಟು ಹೆಸರು ಬರೆಯುವುದು ವಾಡಿಕೆ. ಪರದೇಶದ ಕಚೇರಿಗಳಲ್ಲಿ ಕುಲನಾಮ, ಸ್ವಂತ ಹೆಸರು ಎಂದು ಎರಡು ಕಲಮುಗಳಿರುತ್ತವೆ. ತಂದೆಯ ಹೆಸರನ್ನು ಕುಲನಾಮದ ಕಲಮಿನಲ್ಲಿ ತುಂಬಿದರೆ, ಅಲ್ಲಿ ಮಹದೇವನನ್ನು ವರ್ಷವಿಡೀ ಅವನ ತಂದೆಯ ಹೆಸರಿನಿಂದಲೇ ಕೂಗುತ್ತಾರೆ. ಕಚೇರಿಯಲ್ಲಿ ‘ಸಿದ್ದಯ್ಯ’ ಎಂದು ಕರೆದಾಗ ಅದು ತನ್ನನ್ನೇ ಎಂದು ತಿಳಿಯದೆ ಸರದಿ ತಪ್ಪಿಸಿಕೊಂಡಾನು. ಕುಲನಾಮವೊಂದೇ ಇದ್ದು ಸ್ವಂತ ಹೆಸರಿನ ಕಲಮು ಬರಿದಾಗಿದ್ದರೆ, ಅಮೆರಿಕದ ಪ್ರವೇಶಪತ್ರದಲ್ಲಿ ‘ಮೊದಲ ಹೆಸರು ತಿಳಿಯದು’ ಎಂಬರ್ಥದ ಮೂರಕ್ಷರವನ್ನು ಅಚ್ಚುಹಾಕುತ್ತಾರೆ. ಶಾಲೆಯ ದಾಖಲೆ, ಆಧಾರ್ ಚೀಟಿ, ಪಾಸ್‌ಪೋರ್ಟು ಈ ಮೂರರಲ್ಲಿಯೂ ಹೆಸರು ಅಕ್ಷರಶಃ ಒಂದೇ ಆಗಿರಬೇಕು. ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಇರುವ ಪ್ರಮಾಣಪತ್ರಗಳಿಗೆ ದೃಢೀಕೃತ ಇಂಗ್ಲಿಷ್ ಅನುವಾದವನ್ನು ಮಾಡಿಸಿಟ್ಟುಕೊಳ್ಳಬೇಕು. ನಮ್ಮ ಜಿಲ್ಲೆಯ ಪಾಸ್‌ಪೋರ್ಟ್ ಅರ್ಜಿಗಳು ಕೊಯಮತ್ತೂರಿನ ಪ್ರಾದೇಶಿಕ ಕಚೇರಿಗೆ ಸೇರುತ್ತವೆ. ಮಗುವಿನ ಹೆಸರಿನಲ್ಲಿ ತಿದ್ದುಪಡಿಯೇನಾದರೂ ಆಗಬೇಕಾಗಿದ್ದರೆ ಹತ್ತನೆಯ ತರಗತಿಯ ಪರೀಕ್ಷೆಗೆ ಹೆಸರು ಕಳುಹಿಸುವುದಕ್ಕೆ ಮುಂಚೆಯೇ ಪೋಷಕರು ಶಾಲೆಯ ಕಚೇರಿಗೆ ಬಂದು ಅದನ್ನು ಸರಿಪಡಿಸಿಕೊಳ್ಳತಕ್ಕದ್ದು.